ಗಂಗವ್ವನ ಲಾರಿಯನ್ನು ಬೊರಿವಲಿಗೆ ಎಳೆದು ತಂದದ್ದು

ಕೆಟ್ಟು ನಿಂತ ಲಾರಿಯಿಂದ ಯಾರಿಗೂ ತೊಂದರೆಯಿಲ್ಲ. ಅದನ್ನು ಇನ್ನೊಂದು ಲಾರಿಗೆ ಕಟ್ಟಿ ರಸ್ತೆಗೆ ಇಳಿಸಿದ ಮೇಲೆ ತೊಂದರೆ ಶುರು. ಅದರ ಭಾರ ಇದ್ದಷ್ಟೇ ಇರುತ್ತದೆ. ಎಂಜಿನ್ ಓಡದ ಕಾರಣ ಬ್ರೇಕು ಮಾತ್ರ ಅರ್ಧ ಸತ್ತಿರುತ್ತದೆ. ಹೀಗೆ ಕಟ್ಟಿ ಎಳೆಯುವುದಕ್ಕೆ ಮುಂಬಯಿಯ ಗ್ಯಾರೇಜುಗಳಲ್ಲಿ ಟೋಚನ್ ಎನ್ನುತ್ತಾರೆ. ನನ್ನ ದುಡಿಮೆಯ ಮೊದಲ ಏಳೆಂಟು ವರ್ಷ ನಾನು ಹೆಚ್ಚಾಗಿ ಮಾಡಿದ್ದು ಇದೇ ಕೆಲಸ. ಆಮೇಲೆ ಹೆಡ್ ಫಿಟರ್ ಆದೆ, ಸೂಪರ್‌ವೈಸರ್ ಆದೆ. ಆ ಸಂಗತಿಗಳನ್ನು ಬರೆಯುವುದಕ್ಕೆ ನನಗೆ ಮನಸ್ಸಿಲ್ಲ, ಓದಿದವರಿಗೂ ಅದರಿಂದ ಏನೂ ಸಿಗಲಾರದು. ಟೋಚನ್ ಮಾಡುತ್ತ ನಾನು ಕೆಡಿಸಿದ್ದನ್ನು ಬರೆದರೆ ಈಗ ಈ ಕೆಲಸಕ್ಕೆ ಸೇರುವವರಿಗೆ ಏನಾದರೂ ಸಿಕ್ಕೀತು.

ನಾನು ಬೈಲಹೊಂಗಲದ ಕಡೆಯವನು. ಇಪ್ಪತ್ತಮೂರನೇ ವಯಸ್ಸಿಗೆ ಮುಂಬಯಿಗೆ ಬಂದು ಪರೇಲಿನ ಒಂದು ಗ್ಯಾರೇಜಿಗೆ ಸೇರಿದೆ. ಎದುರಿಗೆ ಮಿಲ್ಲಿನ ಗೋಡೆ, ಹಿಂದೆ ಚಾಳು, ನಡುವೆ ನಮ್ಮ ತಗಡಿನ ಶೆಡ್ಡು. ಆಗ ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದವು. ಸೈನ್ಯಕ್ಕೆ ಬೇಡವಾದ ಲಾರಿಗಳು ಊರಾಚೆಯ ಡಿಪೋಗಳಲ್ಲಿ ಸಾಲುಸಾಲಾಗಿ ನಿಂತಿದ್ದವು. ಅವನ್ನು ಹರಾಜು ಹಾಕುತ್ತಿದ್ದರು. ಕೊಂಡವರು ಅವನ್ನು ಮನೆ ಮುಟ್ಟಿಸಲು ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ನಾಲ್ಕೈದು ವರ್ಷ ಬಿಸಿಲು ಮಳೆಗೆ ನಿಂತ ಗಾಡಿ ಅದು. ಬಾಗಿಲು ತೆಗೆದರೆ ಸೀಟಿನೊಳಗೆ ಪಾರಿವಾಳದ ಗೂಡು, ಬಾನೆಟ್ಟು ಎತ್ತಿದರೆ ಕಣಜದ ಹುಳು. ಟೈರು ನೋಡಲು ಕರ್ರಗೆ ಗಟ್ಟಿ. ಉಗುರಿನಿಂದ ಒತ್ತಿದರೆ ಸೀಳುತ್ತಿತ್ತು.

ಗ್ಯಾರೇಜಿನಲ್ಲಿ ನನ್ನ ಮೇಲಿನವರು ಮೋನಪ್ಪ ಮೇಸ್ತ್ರಿ. ಮಂಗಳೂರಿನ ಕಡೆಯವರು. ಯುದ್ಧದ ಕಾಲದಲ್ಲಿ ಅಸ್ಸಾಮಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಇವೇ ಲಾರಿಗಳನ್ನು ಬಿಚ್ಚಿ ಜೋಡಿಸಿದವರು. ಕುಳ್ಳಗೆ, ಗಟ್ಟಿಯಾಗಿ, ಮಾತು ಕಡಿಮೆ. ಬೈಯುತ್ತಿರಲಿಲ್ಲ. ತಪ್ಪು ಕಂಡರೆ ಆ ಜಾಗದ ಮೇಲೆ ಬೆರಳಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ.

ನಾನು ಸೇರಿದಾಗ ಟೋಚನ್‌ಗೆ ಬಳಸುತ್ತಿದ್ದದ್ದು ಹಡಗಿನ ಹಗ್ಗ. ಮುಂದಿನ ಲಾರಿಯಲ್ಲಿ ಮೇಸ್ತ್ರಿ, ಹಿಂದಿನ ಸತ್ತ ಲಾರಿಯಲ್ಲಿ ನಾನು. ನಾನು ಸ್ಟಿಯರಿಂಗ್ ಹಿಡಿಯಬೇಕು, ಹಗ್ಗ ಸಡಿಲಾಗದ ಹಾಗೆ ಬ್ರೇಕು ತುಳಿಯುತ್ತ ಹೋಗಬೇಕು. ಎರಡನೇ ವಾರದಲ್ಲಿ ದಾದರಿನ ಸೇತುವೆ ಇಳಿಯುವಾಗ ನನ್ನ ಲಾರಿ ಮುಂದಕ್ಕೆ ನುಗ್ಗಿ ಹಗ್ಗ ನೆಲಕ್ಕೆ ಬಿತ್ತು. ಮೇಸ್ತ್ರಿ ಅದನ್ನು ಕಾಣದೆ ವೇಗ ಹೆಚ್ಚಿಸಿದರು. ಹಗ್ಗ ಒಮ್ಮೆಲೇ ಬಿಗಿದ ಜೋರಿಗೆ ನನ್ನ ಲಾರಿಯ ಮುಂಭಾಗದ ಬಂಪರು ಬುಡಸಮೇತ ಕಿತ್ತು ಹೋಯಿತು. ಮೇಸ್ತ್ರಿ ಆ ಬಂಪರನ್ನು ರಸ್ತೆಯಲ್ಲಿ ಗರಗರ ಎಳೆದುಕೊಂಡು ಒಂದು ಫರ್ಲಾಂಗು ಹೋದರು. ಹಿಂದೆ ಲಾರಿಯೇ ಇಲ್ಲ ಎಂಬುದು ಅವರಿಗೆ ಗೊತ್ತಿಲ್ಲ. ನಾನು ಟ್ರಾಮಿನ ಹಳಿಯ ಮೇಲೆ ನಿಂತಿದ್ದೆ. ಹಿಂದೆ ಟ್ರಾಮಿನವನು ಗಂಟೆ ಬಾರಿಸುತ್ತಲೇ ಇದ್ದ.

ಮಾರನೆಯ ದಿನ ಮೇಸ್ತ್ರಿ ಹಗ್ಗವನ್ನು ಮೂಲೆಗೆ ಎಸೆದರು. ದಪ್ಪನೆಯ ನೀರಿನ ಪೈಪು ತರಿಸಿ, ಎರಡು ತುದಿಗೂ ಉಕ್ಕಿನ ಬಳೆ ಬೆಸೆಸಿ, ಎರಡು ಲಾರಿಗಳ ನಡುವೆ ಅದನ್ನು ಸಿಕ್ಕಿಸುವ ಪದ್ಧತಿ ಶುರು ಮಾಡಿದರು. ಪೈಪಿದ್ದರೆ ಹಿಂದಿನ ಲಾರಿ ಮುಂದಿನದಕ್ಕೆ ಹೋಗಿ ಗುದ್ದುವುದಿಲ್ಲ. ಪೈಪು ಮುರಿದರೂ ಇರಲಿ ಎಂದು ಪಕ್ಕದಲ್ಲಿ ಒಂದು ಸರಪಳಿ. ಜೊತೆಗೆ ನನ್ನ ಕ್ಯಾಬಿನಿನಿಂದ ಅವರ ಕ್ಯಾಬಿನಿಗೆ ಒಂದು ತೆಳ್ಳನೆಯ ಹುರಿ, ಅವರ ಕಡೆಯ ತುದಿಗೆ ಬಸ್ಸಿನ ಗಂಟೆ. ಒಂದು ಸಲ ಎಳೆದರೆ ನಿಲ್ಲು. ಎರಡು ಸಲ ಎಳೆದರೆ ಹೊರಡು.

"ನಿಲ್ಲಿಸುವುದು ಹಿಂದಿನವನ ಕೆಲಸ," ಎಂದರು ಮೇಸ್ತ್ರಿ. "ನಂಗೆ ಮುಂದೆ ಕೂತು ಎಂತದೂ ಕಾಣುದಿಲ್ಲ. ನಿಂಗೆ ಸಂಶಯ ಬಂತಾ, ಎಳಿ. ಸುಮ್ಮನೆ ಎಳೆದೆ ಅಂತ ನಾನು ಯಾವತ್ತೂ ಕೇಳುದಿಲ್ಲ."

ಈ ಮಾತನ್ನು ಅವರು ಹೇಳಿದ ಒಂದು ವರ್ಷದ ಮೇಲೆ ಗಂಗವ್ವ ಬಂದದ್ದು.

ಒಂದು ಬೆಳಿಗ್ಗೆ ಇಳಕಲ್ ಸೀರೆ ಉಟ್ಟ, ನಲವತ್ತರ ಆಸುಪಾಸಿನ ಹೆಂಗಸು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಬಿಜಾಪುರದ ಕಡೆಯಾಕೆ. ಬೊರಿವಲಿಯ ಗುಡ್ಡದ ಬುಡದಲ್ಲಿ ಕಲ್ಲಿನ ಕ್ವಾರಿ ನಡೆಸುತ್ತಿದ್ದಳು. ಕ್ವಾರಿ ಗಂಡನದು, ಆತ ಹಿಂದಿನ ವರ್ಷ ಕಾಮಾಲೆಯಾಗಿ ತೀರಿಕೊಂಡಿದ್ದ.

"ಇಲ್ಲಿ ಕನ್ನಡ ಮಾತಾಡೋರು ಅದಾರಂತ ಹೇಳಿದ್ರು. ಖರೇನೇನು?" ಎಂದಳು.

ನಾನು ಹೌದೆಂದೆ. ಆಕೆಯ ಮುಖ ಸಡಿಲಾಯಿತು. "ಹರಾಜಿನಾಗ ಒಂದು ಮಿಲಿಟರಿ ಲಾರಿ ಹಿಡದೇನಿ. ಹತ್ತು ಗಾಲಿದು. ಬೊರಿವಲಿ ಮುಟ್ಟಿಸ್ಬೇಕು ನೋಡ್ರಿ."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದರು. "ಎಂಜಿನ್ ಸ್ಟಾರ್ಟ್ ಆಗ್ತದಾ ಅಮ್ಮ?"

"ಅದನ್ನ ನೋಡಾಕ ಬಿಡಲಿಲ್ರಿ ಅಣ್ಣಾರ."

"ಮತ್ತೆ ಎಂತ ನೋಡಿ ತಗೊಂಡದ್ದು ನೀವು?"

"ಅಡಿ ಚೌಕಟ್ಟು ನೋಡೀನಿ. ಕಲ್ಲು ಹೊರೂದು ಅದಽ ಅಲ್ಲೇನ್ರಿ? ಈ ತುದಿಯಿಂದ ಆ ತುದಿತನಾ ಸುತ್ತಿಗಿಲೆ ಬಡದು ಕೇಳೀನಿ. ಎಲ್ಲೂ ಬಿರುಕಿನ ಸಪ್ಪಳ ಬರಲಿಲ್ಲ."

ಮೇಸ್ತ್ರಿ ನನ್ನ ಕಡೆ ನೋಡಿದರು. ಲಾರಿ ಕೊಳ್ಳುವವರು ಬಣ್ಣ ನೋಡುತ್ತಾರೆ, ಸೀಟು ನೋಡುತ್ತಾರೆ. ಚಾಸಿಯನ್ನು ಬಡಿದು ಕೇಳಿದವರನ್ನು ನಾವು ಅದುವರೆಗೆ ಕಂಡಿರಲಿಲ್ಲ.

ಆಕೆ ಇನ್ನೊಂದು ಮಾತು ಹೇಳಿದಳು. ಕ್ವಾರಿಯಲ್ಲಿ ಮೂವತ್ತು ಜನ ಆಳುಗಳಿದ್ದರು, ಎಲ್ಲ ಊರಿನ ಕಡೆಯವರೇ. ಗಂಡನ ತಮ್ಮ ಯಲ್ಲಪ್ಪ ಅವರ ಮುಂದಾಳು. ಎತ್ತಿನ ಗಾಡಿಯಲ್ಲೇ ಕಲ್ಲು ಸಾಗಿಸಿದರೆ ಸಾಕು ಎಂಬುದು ಯಲ್ಲಪ್ಪನ ವಾದ. ಹೆಂಗಸು ಹರಾಜಿಗೆ ಹೋಗಿ ಸತ್ತ ಆನೆ ಕೊಂಡು ಬಂದಳು ಎಂದು ಅವನು ಎಲ್ಲರೆದುರು ಅಂದಿದ್ದನಂತೆ.

"ಒಮ್ಮೆ ಅದು ಕ್ವಾರಿ ಒಳಗ ಬಂದು ನಿಂತರ ಸಾಕು. ಆಮ್ಯಾಲ ನಾ ನೋಡ್ಕೋತೀನಿ," ಎಂದಳು ಗಂಗವ್ವ.

ಡಿಪೋ ಇದ್ದದ್ದು ಕುರ್ಲಾದ ಆಚೆಯ ಬಯಲಿನಲ್ಲಿ. ನಾವು ಹೋದ ದಿನ ನಮ್ಮ ಜೊತೆ ಬರುತ್ತಿದ್ದ ಮೂರನೆಯ ಹುಡುಗನಿಗೆ ಜ್ವರ. ಈ ಅಮೆರಿಕನ್ ಲಾರಿಗಳಲ್ಲಿ ಸ್ಟಿಯರಿಂಗ್ ಎಡಗಡೆ ಇರುತ್ತಿತ್ತು. ಎಡಗಡೆ ಕೂತವನಿಗೆ ರಸ್ತೆಯ ಬಲಬದಿ ಕಾಣುವುದಿಲ್ಲ. ಅದಕ್ಕೆಂದು ಬಲಗಡೆಯ ಕಿಟಕಿಗೆ ಒಬ್ಬನನ್ನು ಕೂರಿಸಿಕೊಳ್ಳುತ್ತಿದ್ದೆವು. ಇವತ್ತು ಜನ ಇಲ್ಲ, ನಾಳೆ ಬರೋಣ ಎಂದರು ಮೇಸ್ತ್ರಿ.

"ನನಗೇನು ಕಣ್ಣಿಲ್ಲೇನು?" ಎಂದಳು ಗಂಗವ್ವ. "ಬಲಕ್ಕ ಏನು ಬಂದರ ಹೇಳಬೇಕು, ಅಷ್ಟಽ ಹೌದಲ್ಲೋ?"

ಎಳೆಸಿಕೊಳ್ಳುವ ಲಾರಿಯಲ್ಲಿ ಹೊರಗಿನವರನ್ನು ಕೂರಿಸಬಾರದು ಎಂಬುದು ಮೇಸ್ತ್ರಿಯದೇ ಕಟ್ಟಳೆ. ಆದರೂ ಅವರು ಒಪ್ಪಿದರು. ಆಮೇಲೆ ಅವರು ಗೇಟ್‌ಪಾಸಿಗೆ ಸಹಿ ಹಾಕಿಸಲು ಆಫೀಸಿಗೆ ಹೋದರು. ಹೋಗುವಾಗ ನನಗೆ ಹೇಳಿದರು: "ಶಾಫ್ಟ್ ಎಲ್ಲ ಬಿಚ್ಚು. ಗಿಯರ್‌ಬಾಕ್ಸಿನ ಎಣ್ಣೆ ಇವರು ಬಸಿದು ಬಿಟ್ಟಿರ್ತಾರೆ. ಮರೀಬೇಡ."

ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ಗಿಯರ್‌ಬಾಕ್ಸಿನಿಂದ ಚಕ್ರಗಳಿಗೆ ತಿರುಗುವ ಬಲವನ್ನು ಒಯ್ಯುವ ಉದ್ದನೆಯ ಉಕ್ಕಿನ ದಂಡವೇ ಶಾಫ್ಟು. ಲಾರಿಯನ್ನು ಎಳೆದಾಗ ಚಕ್ರ ತಿರುಗುತ್ತದೆ, ಚಕ್ರದಿಂದ ಶಾಫ್ಟು ತಿರುಗುತ್ತದೆ, ಶಾಫ್ಟಿನಿಂದ ಗಿಯರ್‌ಬಾಕ್ಸಿನ ಒಳಗಿನ ಹಲ್ಲುಗಳು ತಿರುಗುತ್ತವೆ. ಒಳಗೆ ಎಣ್ಣೆ ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಾಯುತ್ತದೆ, ಕೊನೆಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಆದ್ದರಿಂದ ಎಳೆಯುವ ಮೊದಲು ಶಾಫ್ಟುಗಳನ್ನು ಬಿಚ್ಚಿಡಬೇಕು. ಆ ಲಾರಿಗೆ ಮೂರು ಶಾಫ್ಟುಗಳಿದ್ದವು: ಮುಂದಿನ ಚಕ್ರಗಳಿಗೆ ಒಂದು, ಹಿಂದಿನ ಎರಡು ಆಕ್ಸಲುಗಳಿಗೆ ಒಂದೊಂದು.

ಎರಡನ್ನು ಬಿಚ್ಚಿದೆ. ಮೂರನೆಯದರ ನಾಲ್ಕು ನಟ್ಟುಗಳು ತುಕ್ಕು ಹಿಡಿದು ಒಂದೇ ಗಂಟಾಗಿದ್ದವು. ಸೀಮೆಎಣ್ಣೆ ಹಾಕಿದೆ, ನಟ್ಟು ತಿರುಗಿಸುವ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದೆ. ಪಾನಾ ಜಾರಿ ಬೆರಳ ಗೆಣ್ಣು ಕಿತ್ತುಬಂತು. ಅಷ್ಟರಲ್ಲಿ ಪಹರೆಯವನು ಬಂದು, ಊಟದ ಹೊತ್ತಿಗೆ ಗೇಟು ಮುಚ್ಚುತ್ತೇವೆ, ಬೇಗ ಹೊರಡಿ ಎಂದು ಕೂಗತೊಡಗಿದ. ಮೇಸ್ತ್ರಿ ಪಾಸು ಹಿಡಿದುಕೊಂಡು ಬರುತ್ತಿರುವುದು ಕಂಡಿತು. ನಾನು ಕ್ಯಾಬಿನಿಗೆ ಹತ್ತಿ ಎರಡು ಗಿಯರ್ ಲಿವರುಗಳನ್ನೂ ನ್ಯೂಟ್ರಲಿಗೆ ಹಾಕಿದೆ. ಇಷ್ಟು ಮಾಡಿದರೆ ಸಾಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

"ಎಲ್ಲ ಬಿಚ್ಚಿದ್ಯಾ?" ಎಂದು ಮೇಸ್ತ್ರಿ ಕೇಳಿದರು.

"ಆತ್ರಿ," ಎಂದೆ.

ಅವರು ಬಗ್ಗಿ ನೋಡಲಿಲ್ಲ. ಪೈಪಿನ ಬಳೆ, ಸರಪಳಿ, ಟೈರು ಇವನ್ನು ನೋಡಿ ತಮ್ಮ ಲಾರಿಗೆ ಹತ್ತಿದರು. ನಾನು ಹುರಿಯನ್ನು ಎರಡು ಸಲ ಎಳೆದೆ.

ಕುರ್ಲಾದಿಂದ ಅಂಧೇರಿಗೆ ಆಗ ಇದ್ದದ್ದು ಗದ್ದೆ, ಎಮ್ಮೆ ಕಟ್ಟುವ ತಬೇಲಾಗಳ ನಡುವಿನ ಸಪೂರ ರಸ್ತೆ. ಗಂಟೆಗೆ ಎಂಟು ಮೈಲಿಗಿಂತ ಹೆಚ್ಚು ಓಡಿಸಬಾರದು ಎಂದು ಮೇಸ್ತ್ರಿಯ ಲೆಕ್ಕ. ಗಂಗವ್ವ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂತಿದ್ದಳು. "ಎಮ್ಮಿ ಬಂದ್ವು. ಬಸ್ಸು ಬಂತು, ತಡಿ. ಈಗ ಖಾಲಿ ಐತಿ, ಹೋಗು." ಜ್ವರ ಬಂದು ಮಲಗಿದ್ದ ನಮ್ಮವನಿಗಿಂತ ಆಕೆ ಚೆನ್ನಾಗಿಯೇ ಕೆಲಸ ಮಾಡಿದಳು. ನಡುನಡುವೆ ನನ್ನ ಊರು, ತಾಯಿ, ತಂಗಿಯರ ವಿಚಾರ ಕೇಳಿದಳು.

ಆರೇಳು ಮೈಲಿಗೊಮ್ಮೆ ನಿಲ್ಲಿಸಿ ಚಕ್ರಗಳ ನಡುಭಾಗ ಮುಟ್ಟಿ ನೋಡುವುದು ನಮ್ಮ ಪದ್ಧತಿ. ಅಂಧೇರಿ ದಾಟಿ ನಿಂತಾಗ ಚಕ್ರಗಳನ್ನು ಮೇಸ್ತ್ರಿ ಮುಟ್ಟಿ ನೋಡಿದರು. ಲಾರಿಯ ಅಡಿಭಾಗ ನನ್ನದು. ನಾನು ಒಳಗೆ ನುಸುಳಿ ಗಿಯರ್‌ಬಾಕ್ಸಿನ ಮೇಲೆ ಅಂಗೈ ಇಟ್ಟೆ. ಕಾದ ಹಂಚಿನ ಮೇಲೆ ಇಟ್ಟಂತಾಗಿ ಕೈ ಹಿಂದಕ್ಕೆ ಬಂತು.

ಅಲ್ಲೇ ಹೇಳಬಹುದಿತ್ತು. ರಸ್ತೆ ಅಗಲವಿತ್ತು, ನೆರಳಿತ್ತು, ಪಕ್ಕದಲ್ಲೇ ಒಂದು ಕಮ್ಮಾರನ ಅಂಗಡಿಯೂ ಇತ್ತು. ಒಂದು ಗಂಟೆ ಕೂತು ನಟ್ಟು ಕಡಿದಿದ್ದರೆ ಮುಗಿಯುತ್ತಿತ್ತು. ಆದರೆ ಈಗ ಹೇಳಿದರೆ ಡಿಪೋದಲ್ಲಿ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಇನ್ನು ಏಳೆಂಟು ಮೈಲಿ, ನಿಧಾನ ಹೋಗುತ್ತಿದ್ದೇವೆ, ಹೇಗೋ ಮುಟ್ಟುತ್ತೇವೆ ಎಂದುಕೊಂಡೆ. ಹೊರಗೆ ಬಂದು, "ಬರೋಬರಿ ಐತ್ರಿ," ಎಂದೆ.

ಮಲಾಡ್ ದಾಟಿದ ಮೇಲೆ ಗಂಗವ್ವ ಮೂಗು ಅರಳಿಸಿದಳು. "ತಮ್ಮಾ, ಏನೋ ಸುಟ್ಟ ವಾಸನಿ ಬರಾಕತ್ತೈತಿ."

"ಬ್ರೇಕಿನ ವಾಸನಿ ಅಕ್ಕಾರ. ಹಳೀ ಗಾಡಿ ಅಲ್ರಿ."

"ಬ್ರೇಕ ನೀ ತುಳದಽ ಇಲ್ಲಲ್ಲೋ."

ನನ್ನ ಕೈ ಹುರಿಯ ಮೇಲೆ ಹೋಯಿತು. ಹುರಿಯನ್ನು ಹಿಡಿದುಕೊಂಡೇ ಸುಮಾರು ದೂರ ಹೋದೆ. ಎಳೆಯಲಿಲ್ಲ. ಗಂಗವ್ವ ನನ್ನ ಮುಖ ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದಳು.

ಬೊರಿವಲಿಯ ಹತ್ತಿರ ಕ್ವಾರಿಯ ಕಡೆಗೆ ಹೋಗಲು ರೈಲ್ವೆ ಗೇಟು ದಾಟಬೇಕಿತ್ತು. ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಗೇಟು ತೆರೆದಿತ್ತು. ಮೇಸ್ತ್ರಿಯ ಲಾರಿ ಹಳಿಗಳನ್ನು ದಾಟಿ ಆಚೆಯ ಜಲ್ಲಿಕಲ್ಲಿನ ಏರು ಹತ್ತುತ್ತಿತ್ತು. ನನ್ನ ಲಾರಿ ಹಳಿಗಳ ನಡುವೆ ಬಂದಿತ್ತು. ಆಗ ಕಾಲ ಕೆಳಗಿನಿಂದ ದೊಡ್ಡ ಸದ್ದಾಯಿತು. ಗಿಯರ್‌ಬಾಕ್ಸು ಕಚ್ಚಿಕೊಂಡಿತ್ತು. ಒಂದು ಆಕ್ಸಲಿನ ನಾಲ್ಕು ಚಕ್ರಗಳು ತಿರುಗುವುದನ್ನು ನಿಲ್ಲಿಸಿ, ಹಳಿಯ ಅಂಚಿಗೆ ಒರಗಿ ಕೂತುಬಿಟ್ಟವು. ಮುಂದಿನ ಲಾರಿಯ ಚಕ್ರಗಳು ಜಲ್ಲಿಯಲ್ಲಿ ಸುಮ್ಮನೆ ಸುತ್ತಿದವು.

ಆಗ ಹುರಿ ಎಳೆದೆ.

ಗೇಟಿನವನು ಕೈ ಕೈ ಬಡಿದುಕೊಳ್ಳುತ್ತ ಓಡಿ ಬಂದ. ಒಂದೇ ನೋಟಕ್ಕೆ ಅವನಿಗೆ ತಿಳಿಯಿತು. ಗೂಡಿಗೆ ಹೋಗಿ ಟೆಲಿಫೋನಿನಲ್ಲಿ ಕೂಗಿ, ಎರಡು ಕೆಂಪು ಬಾವುಟ ಹಿಡಿದು ಹೊರಗೆ ಬಂದ. ಒಂದನ್ನು ಗಂಗವ್ವನ ಕೈಗೆ ತುರುಕಿ ಸ್ಟೇಷನ್ನಿನ ದಿಕ್ಕು ತೋರಿಸಿ, "ಬಾಯಿ, ಪಳಾ!" ಎಂದು ಮರಾಠಿಯಲ್ಲಿ ಓಡಲು ಹೇಳಿದ. ಆಕೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಹಳಿಗುಂಟ ಓಡಿದಳು. ಅವನು ಇನ್ನೊಂದು ದಿಕ್ಕಿಗೆ ಓಡಿದ.

ನಾನು ಲಾರಿಯ ಕೆಳಗೆ ನುಗ್ಗಿದೆ. ನನ್ನ ಹಿಂದೆಯೇ ಮೇಸ್ತ್ರಿಯೂ ಬಂದು ಅಂಗಾತ ಮಲಗಿದರು. ಬಿಚ್ಚದೆ ಬಿಟ್ಟಿದ್ದ ಶಾಫ್ಟು ಅವರ ಮುಖದಿಂದ ಒಂದು ಗೇಣಿನ ಮೇಲಿತ್ತು. ಅವರು ಅದರ ಮೇಲೆ ಬೆರಳಿಡಲಿಲ್ಲ. ಉಳಿ ಮತ್ತು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, "ಬಿಚ್ಚಲಿಕ್ಕೆ ಹೋಗ್ಬೇಡ. ಕಡಿ," ಎಂದರು.

ಮೊದಲ ನಟ್ಟಿಗೆ ಏಳೆಂಟು ಪೆಟ್ಟು ಬೇಕಾಯಿತು. ಎರಡನೆಯದಕ್ಕೆ ಇನ್ನೂ ಹೆಚ್ಚು. ಮೂರನೆಯದನ್ನು ಕಡಿಯುವಾಗ ಬೆನ್ನ ಪಕ್ಕದ ಹಳಿಯಲ್ಲಿ ಸಣ್ಣಗೆ ನಡುಕ ಶುರುವಾಯಿತು. ನಾನು ಸುತ್ತಿಗೆ ನಿಲ್ಲಿಸಿದೆ.

"ಮೇಸ್ತ್ರೀ, ನೀವು ಹೊರಗ ಹೋಗ್ರಿ," ಎಂದೆ.

"ಇನ್ನು ಒಂದುಂಟು. ಹೊಡಿ ಮಾರಾಯ," ಎಂದರು. ಅವರು ಶಾಫ್ಟಿನ ತುದಿಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದಿದ್ದರು. ಅದು ಎಷ್ಟು ಕಾದಿತ್ತೆಂದು ನನಗೆ ಗೊತ್ತು. ನಾಲ್ಕನೆಯ ನಟ್ಟು ಹಾರಿದಾಗ ಶಾಫ್ಟು ಅವರ ಕೈ ತಪ್ಪಿ ನನ್ನ ಮುಂಗೈ ಮೇಲೆ ಬಿತ್ತು. ಆ ಸುಟ್ಟ ಗುರುತು ಇವತ್ತಿಗೂ ಇದೆ.

ಇಬ್ಬರೂ ಹೊರಗೆ ಬಂದೆವು. ಲೋಕಲ್ ರೈಲು ಒಂದು ಫರ್ಲಾಂಗಿನಾಚೆ ನಿಂತು ಉದ್ದಕ್ಕೆ ಶಿಳ್ಳೆ ಹಾಕುತ್ತಿತ್ತು. ಹಳಿಯ ನಡುವೆ ಬಾವುಟ ಎತ್ತಿ ಹಿಡಿದು ನಿಂತ ಗಂಗವ್ವ ಚಿಕ್ಕದಾಗಿ ಕಾಣುತ್ತಿದ್ದಳು. ಮೇಸ್ತ್ರಿ ಲಾರಿ ಹತ್ತಿದರು, ನಾನು ಸ್ಟಿಯರಿಂಗ್ ಹಿಡಿದೆ. ದಾರಿಹೋಕರು ಹತ್ತು ಹದಿನೈದು ಜನ ಹಿಂದಿನಿಂದ ನೂಕಿದರು. ಲಾರಿ ಹಳಿ ಬಿಟ್ಟು ಏರು ಹತ್ತಿತು.

ರೈಲು ನಮ್ಮ ಪಕ್ಕದಲ್ಲಿ ಹೋಗುವಾಗ ಬಾಗಿಲಲ್ಲಿ ಜೋತಾಡುತ್ತಿದ್ದವರು ಬಾಯಿಗೆ ಬಂದಂತೆ ಬೈದರು. ಪೊಲೀಸು ಬಂದ. ಕೆಲಸ ಯಾರದು ಎಂದು ಕೇಳಿದ. ನಾನು ಒಂದು ಹೆಜ್ಜೆ ಮುಂದೆ ಬಂದೆ. ಮೇಸ್ತ್ರಿ ಅಡ್ಡ ನಿಂತು, ಎಳೆಯುವ ಗಾಡಿ ತಮ್ಮದು, ಕೆಲಸವೂ ತಮ್ಮದು ಎಂದು ಹಿಂದಿಯಲ್ಲಿ ಹೇಳಿ ತಮ್ಮ ಹೆಸರು ಬರೆಸಿದರು, ಲೈಸೆನ್ಸು ತೋರಿಸಿದರು. ನನ್ನ ಹೆಸರನ್ನು ಯಾರೂ ಕೇಳಲಿಲ್ಲ.

ಸಂಜೆ ಐದರ ಹೊತ್ತಿಗೆ ಲಾರಿಯನ್ನು ಕ್ವಾರಿಯಲ್ಲಿ ತಂದು ನಿಲ್ಲಿಸಿದೆವು. ಆಳುಗಳೆಲ್ಲ ಕೆಲಸ ಬಿಟ್ಟು ಸುತ್ತ ನೆರೆದರು. ಗೇಟಿನ ಸುದ್ದಿ ಆಗಲೇ ಮುಟ್ಟಿತ್ತು. ಯಲ್ಲಪ್ಪ, ತಲೆಗೆ ರುಮಾಲು ಸುತ್ತಿದ ಎತ್ತರದ ಆಳು, ಲಾರಿಯ ಸುತ್ತ ಒಂದು ಸುತ್ತು ಹಾಕಿ ಬಂದ.

"ನಾ ಹೇಳಿರಲಿಲ್ಲೇನು ವೈನಿ? ಇದರ ಹೊಟ್ಟಿ ಒಳಗ ಎಲ್ಲಾ ಮುರದೈತಿ. ನಿನ್ನ ತಲಿಗೆ ಕಟ್ಯಾರ ನೋಡು," ಎಂದ. ಕೆಲವರು ನಕ್ಕರು.

ಗಂಗವ್ವ ನನ್ನ ಕಡೆ ನೋಡಿದಳು. ಆಕೆಗೆ ಲಾರಿಯ ಒಳಗಿನದು ಗೊತ್ತಿರಲಿಲ್ಲ. ನಾನು ಏನಾದರೂ ಹೇಳುತ್ತೇನೋ ಎಂದು ನೋಡಿದ್ದಷ್ಟೆ. ಮೇಸ್ತ್ರಿಯೂ ನೋಡಿದರು. ನಾನು ಸುಟ್ಟ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತ ತಲೆ ತಗ್ಗಿಸಿ ನಿಂತೆ. ಗಂಗವ್ವ ನಮಗೆ ಕುಡಿಯಲು ಮಜ್ಜಿಗೆ ತಂದಳು.

ಪರೇಲಿಗೆ ಹಿಂದಿರುಗುವಾಗ ನಾನು ಮೇಸ್ತ್ರಿಯ ಪಕ್ಕದಲ್ಲಿ ಕೂತಿದ್ದೆ. ಬಾಂದ್ರಾ ಬಂದ ಮೇಲೆ ಅವರು ಹೇಳಿದರು: "ನಟ್ಟು ಬಿಚ್ಚಲಿಕ್ಕೆ ಆಗಲಿಲ್ಲ ಅಂತ ಹೇಳಿದ್ರೆ ನಾನು ಎಂತ ಮಾಡ್ತಿದ್ದೆ? ಇಬ್ಬರೂ ಕೂತು ಕಡೀತಿದ್ದೆವು. ಅಷ್ಟೇ ಅಲ್ವಾ?" ಆಮೇಲೆ, "ಆ ಹೆಂಗಸಿಗೆ ನಾನು ಹೇಳುದಿಲ್ಲ. ಅದು ನಿಂದು," ಎಂದರು.

ಆ ವಾರವೆಲ್ಲ ಪೊಲೀಸು, ರೈಲು ಯಾವುದೂ ಅಷ್ಟಾಗಿ ಕಾಡಲಿಲ್ಲ. ಆಳುಗಳು ನಕ್ಕಾಗ ಗಂಗವ್ವ ನನ್ನ ಕಡೆ ನೋಡಿದ್ದು ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ. ಭಾನುವಾರ ಪರೇಲಿನಿಂದ ದಾದರಿಗೆ ನಡೆದುಹೋಗಿ ಬೊರಿವಲಿಯ ಲೋಕಲ್ ಹಿಡಿದೆ.

ಲಾರಿ ನಾವು ಬಿಟ್ಟ ಜಾಗದಲ್ಲೇ ಇತ್ತು. ಅದರ ಹಿಂಭಾಗದ ಹಲಗೆಯ ಮೇಲೆ ಯಾರೋ ಸಗಣಿಯ ಕುಳ್ಳು ತಟ್ಟಿ ಒಣಹಾಕಿದ್ದರು. ಗಂಗವ್ವ ಗುಡಿಸಲಿನ ಮುಂದೆ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ಕಂಡು, "ಬಾರಪಾ ತಮ್ಮಾ, ಕೈ ಹೆಂಗೈತಿ?" ಎಂದಳು.

ನಿಂತೇ ಹೇಳಿದೆ. ಮೂರನೇ ಶಾಫ್ಟು, ತುಕ್ಕಿನ ನಟ್ಟು, ಅಂಧೇರಿಯಲ್ಲಿ ಮುಟ್ಟಿ ನೋಡಿದ್ದು, ವಾಸನೆ ಬಂದಾಗ ಸುಳ್ಳು ಹೇಳಿದ್ದು ಎಲ್ಲ. "ಲಾರಿ ಚಲೋ ಇತ್ರಿ ಅಕ್ಕಾರ. ಕೆಡಿಸಿದಾಂವ ನಾ," ಎಂದೆ.

ಆಕೆ ಮೊರ ಕೆಳಗಿಟ್ಟಳು. "ಹಳಿ ಮ್ಯಾಲ ಓಡೂವಾಗ ನನ್ನ ಎದಿ ಒಡದಂಗ ಆಗಿತ್ತು, ಗೊತ್ತೈತೇನು ನಿನಗ?" ಎಂದಳು. ಸ್ವರ ಏರಿಸಲಿಲ್ಲ. ಆಮೇಲೆ ಆಕೆ ಎದ್ದಳು. "ಇದನ್ನ ನನಗ ಹೇಳಿ ಏನು ಮಾಡ್ತಿ? ಅಲ್ಲಿ ಉಣ್ಣಾಕ ಕುಂತಾರ ನೋಡು, ಅಲ್ಲಿ ಬಂದು ಹೇಳು."

ಕಲ್ಲಿನ ರಾಶಿಯ ನೆರಳಿನಲ್ಲಿ ಆಳುಗಳು ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಯಲ್ಲಪ್ಪನೂ ಇದ್ದ. ಅವರ ಮುಂದೆ ನಿಂತು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಯಾರೂ ನಗಲಿಲ್ಲ. ಯಲ್ಲಪ್ಪ ಬಾಯಲ್ಲಿದ್ದ ತುತ್ತು ನುಂಗಿ ಕೇಳಿದ: "ಅಂದ್ರ ಚೌಕಟ್ಟು?"

"ಚೌಕಟ್ಟು ಮೇಸ್ತ್ರಿ ನೋಡ್ಯಾರ. ನಿಮ್ಮ ವೈನಿ ಹೇಳಿದಂಗಽ ಐತಿ. ಒಂದೂ ಬಿರುಕಿಲ್ಲ."

"ರಿಪೇರಿ ಆಗೂದೇನು?"

"ಆಗತೈತಿ. ನಾ ಮಾಡ್ತೀನಿ."

ಮುಂದಿನ ಐದು ಭಾನುವಾರ ನಾನು ಅಲ್ಲೇ ಇದ್ದೆ. ಕುರ್ಲಾದ ಗುಜರಿಯಲ್ಲಿ ಅದೇ ಜಾತಿಯ ಲಾರಿಯ ಗಿಯರ್‌ಬಾಕ್ಸಿನಿಂದ ಹಲ್ಲುಗಳೂ ಬೇರಿಂಗುಗಳೂ ಸಿಕ್ಕವು. ಕಷ್ಟವಾದದ್ದು ಗಿಯರ್‌ಬಾಕ್ಸನ್ನು ಇಳಿಸಿ ಮತ್ತೆ ಏರಿಸುವುದು. ಗ್ಯಾರೇಜಿನಲ್ಲಿ ಅದಕ್ಕೆ ಜಾಕು ಇತ್ತು. ಇಲ್ಲಿ ಇದ್ದದ್ದು ಕಲ್ಲು ಎತ್ತುವ ಮರದ ಮುಕ್ಕಾಲಿ ಮತ್ತು ಸರಪಳಿಯ ರಾಟೆ. ಅದರ ಒಡೆಯ ಯಲ್ಲಪ್ಪ. ಮೊದಲ ದಿನ ದೂರ ನಿಂತು ನೋಡಿದ. ನಾನು ಸರಪಳಿಯನ್ನು ತಪ್ಪಾಗಿ ಸುತ್ತುವುದನ್ನು ಕಂಡು ತಡೆಯಲಾರದೆ ಬಂದ. "ಹಂಗಲ್ಲೋ, ಭಾರ ಒಂದಽ ಕಡೆ ಬೀಳತೈತಿ," ಎಂದು ತಾನೇ ಸುತ್ತಿದ. ಅಷ್ಟು ಭಾರದ ಕಬ್ಬಿಣವನ್ನು ಒಂದೊಂದು ನೂಲು ಲೆಕ್ಕದಲ್ಲಿ ಅವನು ಇಳಿಸಿದ ರೀತಿಯನ್ನು ನಾನು ಯಾವ ಫಿಟರನಲ್ಲೂ ಕಂಡಿಲ್ಲ. ಮೂರನೆಯ ಭಾನುವಾರ ಮೋನಪ್ಪ ಮೇಸ್ತ್ರಿ ಹೇಳದೆ ಕೇಳದೆ ಬಂದು ಕೈ ಹಾಕಿದರು.

ಎಂಜಿನ್ನನ್ನೂ ಸರಿಮಾಡಿ ಲಾರಿ ಶುರುಮಾಡಿದ ದಿನ ಕುಳ್ಳುಗಳನ್ನೆಲ್ಲ ಕೆಳಗೆ ಎಸೆದವನು ಯಲ್ಲಪ್ಪನೇ. ಮೊದಲ ಸಲ ಕಲ್ಲು ತುಂಬಿ ಹೊರಟಾಗ ಗಂಗವ್ವ ಚಾಲಕನ ಪಕ್ಕ ಕೂತಳು. ಯಲ್ಲಪ್ಪ ಕಲ್ಲಿನ ರಾಶಿಯ ಮೇಲೆ ಕೂತ. ಆ ಲಾರಿ ಬಹಳ ವರ್ಷ ಓಡಿತು. ಗಿಯರ್‌ಬಾಕ್ಸನ್ನು ಇನ್ನೊಮ್ಮೆ ಬಿಚ್ಚುವ ಪ್ರಸಂಗ ಬರಲಿಲ್ಲ ಎಂದು ಕೇಳಿದ್ದೇನೆ.

ಗೇಟಿನ ಪ್ರಕರಣ ಕೋರ್ಟಿಗೆ ಬಂತು. ಮೇಸ್ತ್ರಿಯ ಲೈಸೆನ್ಸನ್ನು ಮೂರು ತಿಂಗಳು ತಡೆಹಿಡಿದರು. ಕೋರ್ಟಿನ ಮೆಟ್ಟಿಲಲ್ಲಿ ನಾನು ಅತ್ತೆ. ಮೇಸ್ತ್ರಿ, "ಮೂರು ತಿಂಗಳು ನಂಗೆ ಆರಾಮ," ಎಂದು ಬೀಡಿ ಹಚ್ಚಿದರು. ನನ್ನ ಲೈಸೆನ್ಸು ಹೊಸದು. ಮುಂದಿನ ಲಾರಿಯನ್ನು ಇನ್ನು ನಾನೇ ಓಡಿಸಬೇಕಾಯಿತು. ಎಳೆಸಿಕೊಳ್ಳುವ ಲಾರಿಯಲ್ಲಿ ಸ್ಟಿಯರಿಂಗ್ ಹಿಡಿಯಲು ಮೇಸ್ತ್ರಿಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಹಾಗೆ ನಾವು ಜಾಗ ಬದಲಿಸಿಕೊಂಡು ಹೊರಟ ಮೊದಲ ದಿನ ಮತ್ತೆ ಅದೇ ಡಿಪೋ. ಇನ್ನೊಬ್ಬರ ಲಾರಿ, ಅದೂ ಹತ್ತು ಚಕ್ರದ್ದು. ಶಾಫ್ಟುಗಳನ್ನು ಒಂದೊಂದಾಗಿ ಬಿಚ್ಚಿ ಹೊರಗೆ ತೆಗೆದಿಟ್ಟೆ. ಮೇಸ್ತ್ರಿ ಟೈರುಗಳನ್ನು ನೋಡಿ, ಪೈಪಿನ ಬಳೆ ಅಲ್ಲಾಡಿಸಿ ನೋಡಿ, ಲಾರಿಯ ಅಡಿಗೆ ಬಗ್ಗದೆ ಕ್ಯಾಬಿನಿನ ಕಡೆ ನಡೆದರು.

"ಮೇಸ್ತ್ರೀ," ಎಂದೆ, "ಒಮ್ಮೆ ಕೆಳಗ ನೋಡಿ ಬಿಡ್ರಿ."

ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ನೋಡ್ಲಿಕ್ಕೆ ನಾನಿಲ್ಲದ ದಿವಸ ಎಂತ ಮಾಡ್ತಿ?"

ಹತ್ತಿ ಕೂತು ಬಾಗಿಲು ಎಳೆದುಕೊಂಡರು. ನಾನು ನನ್ನ ಲಾರಿಯತ್ತ ನಾಲ್ಕು ಹೆಜ್ಜೆ ಹೋದವನು ಹಿಂದಕ್ಕೆ ಬಂದು, ನೆಲಕ್ಕೆ ಮಲಗಿ ಅವರ ಲಾರಿಯ ಕೆಳಗೆ ನುಸುಳಿದೆ. ಶಾಫ್ಟುಗಳಿದ್ದ ಮೂರೂ ಜಾಗಗಳನ್ನು ಕೈಯಿಂದ ಮುಟ್ಟಿದೆ. ಮೂರೂ ಖಾಲಿ ಇದ್ದವು. ಮೈ ಕೊಡವಿಕೊಂಡು ಎದ್ದು ಹೋಗಿ ಎಂಜಿನ್ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಹಿಂದಿನಿಂದ ಹುರಿ ಎಳೆದು ನನ್ನ ಕ್ಯಾಬಿನಿನ ಗಂಟೆಯನ್ನು ಎರಡು ಸಲ ಬಾರಿಸಿದರು.